ಕ್ರೇನಿನ ಮೇಲೆ ಇಳಿಯುವ ಅಂಕಿ

ಟವರ್ ಕ್ರೇನಿನ ಕ್ಯಾಬಿನ್ ಒಬ್ಬರು ಕೂರುವಷ್ಟೇ ಜಾಗವಿರುವ ಗಾಜಿನ ಪೆಟ್ಟಿಗೆ. ಕಾಲಡಿಯೂ ಗಾಜು. ಬಲಗೈಗೊಂದು ಲಿವರ್, ಎಡಗೈಗೊಂದು ಲಿವರ್. ಕೈ ಬಿಟ್ಟರೆ ಎರಡೂ ತಾವಾಗಿ ನಡುವಿಗೆ ಬಂದು ನಿಲ್ಲುತ್ತವೆ, ಯಂತ್ರವೂ ನಿಲ್ಲುತ್ತದೆ. ಗಾಳಿ ಬೀಸಿದಾಗ ಪೆಟ್ಟಿಗೆ ಮೆಲ್ಲಗೆ ತೂಗುತ್ತದೆ. ಅದನ್ನು ನಡೆಸುವ ಹೆಂಗಸನ್ನು ಕೆಳಗಿನವರೆಲ್ಲ ಗುಬ್ಬಿ ಎನ್ನುತ್ತಾರೆ. ಆಳು ಸಣ್ಣ, ಏಣಿ ಹತ್ತುವುದು ಚುರುಕು, ಕೂರುವುದು ಎತ್ತರದಲ್ಲಿ.

ಗುಬ್ಬಿಗೆ ಹೈಸ್ಕೂಲಿನ ದಿನಗಳಿಂದಲೂ ಟೈಪ್ ಒನ್ ಮಧುಮೇಹ. ಅವಳ ದೇಹ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿದೆ. ಎಡತೋಳಿನ ಹಿಂಭಾಗಕ್ಕೆ ಅಂಟಿಸಿಕೊಂಡ ನಾಣ್ಯದಗಲದ ಸೆನ್ಸರ್ ಚರ್ಮದಡಿಯ ಸಕ್ಕರೆಯನ್ನು ಅಳೆದು ಫೋನಿಗೆ ಕಳಿಸುತ್ತದೆ. ಫೋನಿನಲ್ಲಿರುವ ಆ್ಯಪ್ ಅದನ್ನು ನೋಡಿ, ಸೊಂಟದಲ್ಲಿರುವ ಪಂಪಿಗೆ ಇನ್ಸುಲಿನ್ ಹೆಚ್ಚಿಸು, ಇಳಿಸು, ನಿಲ್ಲಿಸು ಎಂದು ಹೇಳುತ್ತದೆ. ಅದೇ ಅಂಕಿ ಅವಳ ಅಕ್ಕನ ಫೋನಿಗೂ ಹೋಗುತ್ತದೆ. ಅಕ್ಕ ಔಷಧಿ ಅಂಗಡಿಯಲ್ಲಿ ನಿಂತು, ಒಂದು ಕಣ್ಣು ಗಿರಾಕಿಯ ಚೀಟಿಯ ಮೇಲೆ, ಒಂದು ಕಣ್ಣು ತಂಗಿಯ ಸಕ್ಕರೆಯ ಮೇಲೆ ಇಟ್ಟುಕೊಂಡೇ ದಿನ ಕಳೆಯುತ್ತಾಳೆ.

ಕಂಪನಿಯ ಡಾಕ್ಟರಮ್ಮ ಗುಬ್ಬಿಯನ್ನು ಮೇಲೆ ಹತ್ತಿಸಲು ಒಪ್ಪಿದ್ದು ಈ ಆ್ಯಪನ್ನು ನಂಬಿ. ತಿಂಗಳಿಗೊಮ್ಮೆ ಅದರ ಗ್ರಾಫ್ ತೋರಿಸಬೇಕು. ಕೆಲಸದ ಹೊತ್ತಿನಲ್ಲಿ ಗೆರೆ ಕೆಂಪಿಗಿಳಿದರೆ ಏಣಿ ಮುಟ್ಟುವಂತಿಲ್ಲ. ಗುಬ್ಬಿಗೆ ಬೇರೆ ಕೆಲಸ ಬರುವುದಿಲ್ಲ ಎಂದಲ್ಲ, ಬೇಡ. "ಕೆಳಗಿದ್ರೆ ಎಲ್ರೂ ನಂಗೆ ಹೇಳೋರೇ. ಮೇಲೆ ಕೂತ್ರೆ, ನಾನು ಎತ್ತೋವರೆಗೂ ಇಡೀ ಕಟ್ಟಡ ಬಾಯಿ ಮುಚ್ಕೊಂಡು ಕಾಯುತ್ತೆ," ಎನ್ನುತ್ತಾಳೆ.

ಅವಳಿಗೆ ಕೆಲಸ ಕಲಿಸಿದವನು ಅದೇ ಕ್ಯಾಬಿನ್ನಿನಲ್ಲಿ ಅವಳಿಗಿಂತ ಮೊದಲು ಕೂರುತ್ತಿದ್ದ ಹಿರಿಯ ಆಪರೇಟರ್. ಎಲ್ಲರ ಬಾಯಲ್ಲೂ ಅವನು ಅಜ್ಜ. ಎಡಕ್ಕೆ ವಾಲಿ, ಗಾಜಿಗೆ ಹಣೆ ತಾಗಿಸಿ ಕೆಳಗೆ ನೋಡುವುದು ಅವನ ಪದ್ಧತಿ. "ಕ್ಯಾಮೆರಾ ನಂಬ್ಬೇಡ ಮಗಾ, ಕಣ್ಣು ಕೊಕ್ಕೆ ಮೇಲಿರ್ಲಿ," ಎನ್ನುತ್ತಿದ್ದ. ತೋಳು ನೋಯದಿರಲೆಂದು ಎಡಗಡೆಯ ಚೌಕಟ್ಟಿಗೆ ಸ್ಪಂಜು ಸುತ್ತಿ, ಮೇಲೆ ರೆಕ್ಸಿನ್ ಹೊಲಿದಿದ್ದ. ಒರಗಿ ಒರಗಿ ಅದರಲ್ಲಿ ಅವನ ತೋಳಿನ ಗುಳಿಯೇ ಬಿದ್ದಿತ್ತು. ನಿವೃತ್ತನಾದ ಕೆಲವೇ ದಿನಗಳಲ್ಲಿ ಅಜ್ಜ ಮನೆಯಲ್ಲಿ ಮಲಗಿದ್ದಲ್ಲೇ ಹೋದ. ಹಳೆಯ ಆಪರೇಟರ್ ಕೈಗೆ ಹೊಂದಿಸಿಕೊಂಡದ್ದನ್ನು ಹೊಸಬರು ಕದಲಿಸಬಾರದು ಎಂಬುದು ಕ್ರೇನಿನವರ ನಡುವಿನ ಮಾತು. ಗುಬ್ಬಿ ಸ್ಪಂಜನ್ನು ಮುಟ್ಟಲಿಲ್ಲ. ಮೊದಲ ದಿನ ಎಡಕ್ಕೆ ವಾಲಿದಾಗ ಅವಳ ತೋಳು ಆ ಗುಳಿಯಲ್ಲಿ ಹೇಳಿ ಮಾಡಿಸಿದಂತೆ ಕೂತಿತು.

ಅಂದಿನಿಂದಲೇ ಅಂಕಿ ಬೀಳತೊಡಗಿತು.

ಮಧ್ಯಾಹ್ನದ ಕೆಲಸ ಬಿರುಸಾಗುತ್ತಿದ್ದಂತೆ ನೂರಿಪ್ಪತ್ತರ ಆಸುಪಾಸಿನಲ್ಲಿದ್ದ ಸಕ್ಕರೆ ಸರ್ರನೆ ಇಳಿದು ಐವತ್ತೆಂಟು ಎನ್ನುತ್ತಿತ್ತು. ಫೋನು ಕಿರುಚುತ್ತಿತ್ತು. ಸಕ್ಕರೆ ಅಷ್ಟು ಇಳಿದರೆ ಮೈ ಬೆವರಬೇಕು, ಕೈ ನಡುಗಬೇಕು. ಅವಳಿಗೆ ಏನೂ ಆಗುತ್ತಿರಲಿಲ್ಲ. ಯಂತ್ರ ನಿಲ್ಲಿಸಿ ಬೆರಳು ಚುಚ್ಚಿ ನೋಡಿದರೆ ನೂರಾ ಹದಿನೇಳು. ಕೆಳಗಿಳಿದರೆ ಆ್ಯಪ್ ಕೂಡ ಹಾಗೆಯೇ ಹೇಳುತ್ತಿತ್ತು. ಮರುದಿನ ಹತ್ತಿದರೆ ಮತ್ತದೇ.

ಕೆಳಗೆ ನಿಂತು ವಾಕಿಟಾಕಿಯಲ್ಲಿ ಅವಳಿಗೆ ದಾರಿ ಹೇಳುವ ಸಿಗ್ನಲ್‌ಮ್ಯಾನ್ ಅಜ್ಜನ ಕಾಲದವನು. ಗುಬ್ಬಿಗೆ ಅವನು ಅಣ್ಣ. ಅಂಕಿಯ ವಿಷಯ ಕೇಳಿ ಅವನೆಂದ:

"ಇನ್ನೇನು, ಅಜ್ಜನೇ ಕಣಮ್ಮ. ಬದುಕಿದ್ದಾಗ್ಲೇ ಜಾಗ ಬಿಟ್ಟೋನಲ್ಲ. ನೀನು ಹೋಗಿ ತೊಡೆ ಮೇಲೆ ಕೂತ್ರೆ ಕೈ ಹಿಡೀದೆ ಇರ್ತಾನಾ?"

"ಥೂ, ನಿನ್ ಬಾಯಿಗಿಷ್ಟು! ಕೊಕ್ಕೆ ನೋಡಣ್ಣ."

ನಕ್ಕಳು. ಆದರೆ ಕೆಲವು ದಿನಗಳ ಮೇಲೆ ಒಂದು ಸಂಗತಿ ಅವಳ ಗಮನಕ್ಕೇ ಬಂತು. ಕೆಲಸವಿಲ್ಲದ ಹೊತ್ತಿನಲ್ಲಿ ಅವಳು ಸೀಟಿನ ಬಲ ಅಂಚಿಗೆ ಸರಿದು ಕೂರುತ್ತಿದ್ದಳು. ಎಡಗಡೆ ಇನ್ನೊಬ್ಬರಿಗೆ ಜಾಗ ಬಿಟ್ಟಂತೆ.

ಡಾಕ್ಟರಮ್ಮ ಗ್ರಾಫಿನಲ್ಲಿ ಗೆರೆ ಕುಸಿದ ಗುಂಡಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. "ಬೆರಳು ಚುಚ್ಚಿದಾಗ ಸರಿ ಇರುತ್ತೆ ಅಂತೀರಿ. ನಂಬ್ತೀನಿ. ಆದ್ರೆ ನಂಗೆ ಕಾರಣ ಬೇಕು. ಮುಂದಿನ ತಿಂಗಳು ಕಾರಣ ತರ್ದಿದ್ರೆ ಕೆಳಗೇ ಇರಿ."

ಕಾರಣ ಸಿಕ್ಕಿದ್ದು ಅಕ್ಕನಿಗೆ. ರಜೆಯ ಮಧ್ಯಾಹ್ನ ಗುಬ್ಬಿ ಸೋಫಾದಲ್ಲಿ ಎಡಮಗ್ಗುಲಾಗಿ ನಿದ್ದೆಹೋಗಿದ್ದಳು. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅಕ್ಕನ ಫೋನಿನಲ್ಲಿ ಅಂಕಿ ಬಾವಿಗೆ ಬಿದ್ದ ಕೊಡದಂತೆ ಇಳಿಯಿತು. ಅಕ್ಕ ತಂಗಿಯನ್ನು ಹಿಡಿದು ಮಗ್ಗುಲು ಹೊರಳಿಸಿದಳು. ಅಂಕಿ ನಿಧಾನವಾಗಿ ಮೇಲೆದ್ದಿತು.

"ಏಳೇ! ಒತ್ತಿದ್ರೆ ಬೀಳುತ್ತೆ ಕಣೆ ಅದು. ದೆವ್ವನೂ ಇಲ್ಲ, ಗಿವ್ವನೂ ಇಲ್ಲ!"

ಸೆನ್ಸರ್ ಇರುವ ಜಾಗ ಒತ್ತಿದರೆ ಅಲ್ಲಿಯ ದ್ರವ ಸರಿದುಹೋಗಿ ಅಂಕಿ ಸುಳ್ಳೇ ಇಳಿಯುತ್ತದೆ. ಅಜ್ಜನ ಗುಳಿ ಸರಿಯಾಗಿ ಸೆನ್ಸರಿನ ಮೇಲೇ ಒತ್ತುತ್ತಿತ್ತು. ಗುಬ್ಬಿ ಸೆನ್ಸರನ್ನು ಬಲತೋಳಿಗೆ ಬದಲಿಸಿದಳು. ಬೀಳುವುದು ನಿಂತಿತು. ಡಾಕ್ಟರಮ್ಮ ಸಹಿ ಹಾಕಿದರು.

ಒಂದು ಮಾತ್ರ ಬದಲಾಗದೆ ಉಳಿಯಿತು, ಅವಳ ಹೆಬ್ಬೆರಳು. ಕ್ಯಾಬಿನ್ನಿನಲ್ಲಿ ಫೋನು ಕಿರುಚಿದರೆ "ಹೋಗಜ್ಜ" ಎಂದು ನೋಡದೆ ಪರದೆ ಒರೆಸಿ ಸದ್ದಡಗಿಸುವುದು ಅದಕ್ಕೆ ರೂಢಿಯಾಗಿತ್ತು.

ಆ ದಿನ ಅವಳು ಊಟದ ಲೆಕ್ಕವನ್ನು ಆ್ಯಪಿಗೆ ಹಾಕಿ ಅರ್ಧ ಉಂಡಿದ್ದಳಷ್ಟೆ. ಕಾಂಕ್ರೀಟ್ ಲಾರಿ ಮುಂಚೆಯೇ ಬಂತೆಂದು ವಾಕಿಟಾಕಿ ಕರೆಯಿತು. ಡಬ್ಬಿ ಮುಚ್ಚಿ ಏಣಿ ಹತ್ತಿದಳು. ಉಣ್ಣದೆ ಬಿಟ್ಟ ಊಟಕ್ಕೂ ಇನ್ಸುಲಿನ್ ಒಳಗೆ ಹೋಗಿಯಾಗಿತ್ತು. ಬಕೆಟ್ ತುಂಬ ಹಸಿ ಕಾಂಕ್ರೀಟು ಕೊಕ್ಕೆಗೆ ತೂಗುತ್ತಿದ್ದಾಗ ಫೋನು ಕಿರುಚಿತು. ಹೆಬ್ಬೆರಳು ಒರೆಸಿತು. ಮತ್ತೆ ಕಿರುಚಿತು, ಅಕ್ಕನ ಕರೆಯೂ ಬಂತು. ಮತ್ತೆ ಒರೆಸಿತು.

ಮೊದಲು ಸದ್ದು ದೂರವಾಯಿತು ಎಂದು ಅವಳು ನೆನೆಯುತ್ತಾಳೆ. ಕಾಲಡಿಯ ಗಾಜಿನಲ್ಲಿ ಕೆಲಸದವರ ಹಳದಿ ಟೋಪಿಗಳು ಕಂಡವು. ಎಲ್ಲವೂ ಮೇಲಕ್ಕೆ ತಿರುಗಿ ಅವಳನ್ನೇ ನೋಡುತ್ತಿದ್ದವು, ಆದರೆ ಟೋಪಿಯಡಿಯಲ್ಲಿ ಮುಖಗಳಿರಲಿಲ್ಲ. ಅಣ್ಣನ ದನಿ ವಾಕಿಟಾಕಿಯಿಂದ ಬರುತ್ತಿತ್ತು, ಭಾಷೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಆಗ ಎಡತೋಳನ್ನು ಯಾರೋ ಹಿಡಿದರು. ಅವಳು ವಾಲಿರಲಿಲ್ಲ. ಆ ತೋಳಿನಲ್ಲಿ ಸೆನ್ಸರೂ ಇರಲಿಲ್ಲ.

ಉಳಿದದ್ದನ್ನು ಅಣ್ಣ ಹೇಳುತ್ತಾನೆ. "'ಎಡಕ್ಕೆ ತಿರುಗ್ಸು, ನಿಧಾನ' ಅಂದೆ. ಇವಳು ಬೇರೆ ಯಾರ ಜೊತೆನೋ ಮಾತಾಡ್ತಿದ್ಲು. 'ಹೂಂ' ಅಂತಾಳೆ, ಸುಮ್ನಾಗ್ತಾಳೆ. 'ಇಲ್ಲ, ಕಾಣ್ತಿಲ್ಲ' ಅಂತಾಳೆ, ಮತ್ತೆ ಸುಮ್ನೆ. ಯಾರಾದ್ರೂ ಫೋನಲ್ಲಿ ಮಾತಾಡ್ವಾಗ ನಮ್ಗೆ ಒಂದೇ ಕಡೆ ಮಾತು ಕೇಳ್ಸುತ್ತಲ್ಲ, ಥೇಟ್ ಹಂಗೆ. ಕೊನೆಗೆ 'ಬಿಟ್ಟೆ ಅಜ್ಜ, ಬಿಟ್ಟೆ' ಅಂದ್ಲು. ಬಕೆಟ್ ಗಾಳೀಲೇ ನಿಂತ್ಕೊಂತು."

ಬಕೆಟ್ ನಿಂತದ್ದು ಖಾಲಿ ಚಪ್ಪಡಿಯ ಮೇಲೆ. ಇನ್ನೊಂದು ಮಾರು ತಿರುಗಿದ್ದರೆ ಅದರಡಿ ಜನ. ಅಣ್ಣ ಅವರನ್ನೆಲ್ಲ ಓಡಿಸಿ, "ಗುಬ್ಬೀ, ಬಾಯಿಗೆ ಸಕ್ಕರೆ ಹಾಕ್ಕೋ, ಸಕ್ಕರೆ!" ಎಂದು ಗಂಟಲು ಹರಿದುಕೊಂಡ. ಜೇಬಿನ ಗ್ಲೂಕೋಸ್ ಮಾತ್ರೆ ಯಾವಾಗ ಬಾಯಿಗೆ ಹೋಯಿತೋ ಅವಳಿಗೆ ತಿಳಿಯದು. ಬುದ್ಧಿ ತಿಳಿಯಾದಾಗ ಅವಳು ಸೀಟಿನ ಬಲ ಅಂಚಿನಲ್ಲಿ ಕೂತಿದ್ದಳು.

ಆ ಸಂಜೆ ಅಣ್ಣ ಮೆಲ್ಲಗೆ ಹೇಳಿದ: "ಗ್ರಾಫಲ್ಲಿ ಇದೂ ಹಳೇ ಗುಂಡಿ ಥರಾನೇ ಇದೆ. ಒತ್ತಿ ಬಿದ್ದಿದ್ದು ಅಂದ್ಬಿಡು. ಯಾರಿಗ್ ಗೊತ್ತಾಗುತ್ತೆ?"

"ಇದನ್ನ ಸುಳ್ಳು ಅಂದ್ಬಿಟ್ರೆ, ಇನ್ನೊಂದ್ಸಲ ನಿಜವಾಗಿ ಬಿದ್ದಾಗ್ಲೂ ನಾನೇ ಸುಳ್ಳು ಅಂತ ನಂಬ್ತೀನಣ್ಣ," ಎಂದಳು ಗುಬ್ಬಿ.

ಡಾಕ್ಟರಮ್ಮನಿಗೆ ಎಲ್ಲ ಹೇಳಿದಳು, ತೋಳು ಹಿಡಿದದ್ದೊಂದನ್ನು ಬಿಟ್ಟು. ಅವರು ಅವಳನ್ನು ಬಹಳ ದಿನ ನೆಲದ ಮೇಲಿರಿಸಿದರು. ಮತ್ತೆ ಹತ್ತಲು ಬಿಟ್ಟಾಗ ಷರತ್ತು ಹಾಕಿದರು: ಅಂಕಿ ಅಣ್ಣನ ಫೋನಿಗೂ ಹೋಗಬೇಕು, ಫೋನು ಕೂಗಿದರೆ ಮೊದಲು ಎರಡೂ ಕೈ ಬಿಡಬೇಕು, ಸುಳ್ಳೋ ನಿಜವೋ ಎಂಬುದು ಆಮೇಲೆ. ಕಂಪನಿಯವರು ಅಜ್ಜನ ಸ್ಪಂಜು ಕಿತ್ತು ಹೊಸತು ಕೂರಿಸಿದರು. ಅದರಲ್ಲಿ ಗುಳಿಯಿಲ್ಲ.

ಸೆನ್ಸರ್ ಈಗಲೂ ಬಲತೋಳಿನಲ್ಲೇ ಇದೆ. ಬಲಗಡೆ ಒರಗಲು ಏನೂ ಇಲ್ಲ, ಬರಿಯ ಗಾಳಿ. ಆದರೂ ಕೆಲವು ಮಧ್ಯಾಹ್ನ ಅಂಕಿ ಸರ್ರನೆ ಇಳಿಯುತ್ತದೆ. ಸೆನ್ಸರುಗಳು ಒಮ್ಮೊಮ್ಮೆ ತಪ್ಪುತ್ತವೆ ಎನ್ನುತ್ತಾರೆ ಡಾಕ್ಟರಮ್ಮ. ಗುಬ್ಬಿ ವಾದಿಸುವುದಿಲ್ಲ, ಕೈ ಬಿಡುತ್ತಾಳೆ. ಕಬ್ಬಿಣದ ಕಂಬಿಯ ಕಟ್ಟು ಆಕಾಶದಲ್ಲಿ ಅಲುಗದೆ ನಿಲ್ಲುತ್ತದೆ. ಕೆಳಗೆ ಎಲ್ಲರೂ ಮುಖ ಎತ್ತುತ್ತಾರೆ. ಅವಳು ಬೆರಳು ಚುಚ್ಚಿಕೊಳ್ಳುತ್ತಾಳೆ.

"ಅಂಕಿ ಇಳ್ಸಿದ್ದು ಯಾರಮ್ಮ," ಎನ್ನುತ್ತದೆ ವಾಕಿಟಾಕಿ, "ನೀನಾ, ಅಜ್ಜನಾ?"

"ತಾಳಣ್ಣ," ಎನ್ನುತ್ತಾಳೆ ಗುಬ್ಬಿ, "ನೋಡಿ ಹೇಳ್ತೀನಿ."