ಹೆಡ್‌ಮಾಸ್ಟ್ರು ತೊಳೆದ ತಟ್ಟೆ

ಗೋಡೆಪತ್ರಿಕೆ ಓದುವ ಗೆಳೆಯರೇ, ಇವತ್ತು ಜೆಪ್ಪುವಿನ ನಮ್ಮ ಶಾಲೆಯಲ್ಲಿ ತರಗತಿಯ ಪ್ರದರ್ಶನ. ‘ಕೆಲಸಕ್ಕೆ ಗಂಡು ಹೆಣ್ಣಿಲ್ಲ’ ಎಂದು ಗೋಡೆಗೆ ಬರೆದು ಅಂಟಿಸಿದ್ದೆವು. ನಾವು ಹುಡುಗಿಯರು ಸೈಕಲ್ಲಿಗೆ ಪಂಕ್ಚರ್ ಹಾಕಿದೆವು. ಹುಡುಗರು ಸೀಮೆಎಣ್ಣೆ ಸ್ಟವ್ ಹಚ್ಚಿ ನೀರುದೋಸೆ ಹೊಯ್ದರು.

ಹೆಡ್‌ಮಾಸ್ಟ್ರು ಬಂದವರೇ ಸಿಡುಕಿದರು. “ಎಂತ ಇದು? ಸ್ಟವ್ ಆರಿಸಿ! ಅಡಿಗೆ ಗಂಡಸರ ಕೆಲಸವಾ?”

“ಸರ್, ನಿಮ್ಮ ಮಗಳ ಮದುವೆಗೆ ಅಡಿಗೆ ಮಾಡಿದ್ದು ಯಾರು?” ಎಂದು ನಮ್ಮ ತರಗತಿಯ ಫಿಲೋಮಿನಾ ಕೇಳಿದಳು.

“ಅಡಿಗೆ ಭಟ್ರು” ಎಂದವರು ಒಂದು ತಟ್ಟೆ ಎಳೆದುಕೊಂಡರು. ಕೂತು ಹೊಟ್ಟೆ ತುಂಬ ದೋಸೆ ತಿಂದರು. “ಒಳ್ಳೆದುಂಟು” ಎಂದು ಹುಡುಗರನ್ನು ಹೊಗಳಿ, ಎಂಜಲು ತಟ್ಟೆಯನ್ನು ನನ್ನ ಕಡೆ ಚಾಚಿದರು. “ಇದನ್ನು ತೊಳೆದಿಡು ಮಗಳೇ.”

ನಾನು ಗೋಡೆಯ ಬರಹ ತೋರಿಸಿದೆ. ಅವರೇ ಎದ್ದು ನಲ್ಲಿಗೆ ಹೋದರು.

ತೊಳೆದು ತಂದ ತಟ್ಟೆಯ ಅಂಚಿನಲ್ಲಿ ಚಟ್ನಿ ಹಾಗೆಯೇ ಇತ್ತು. ಪರವಾಗಿಲ್ಲ, ನಾನು ಹಾಕಿದ ಮೊದಲ ಪಂಕ್ಚರೂ ಗಾಳಿ ಬಿಟ್ಟಿತ್ತು.