‘ಅ’ ತೆಗೆಸಿದವರು

ಮೊನ್ನೆ ಮಗ ಕೊಟ್ಟೂರಿನಿಂದ ಮಿರ್ಚಿ ಭಜಿ ತಂದ. ಪ್ಲಾಸ್ಟಿಕ್ ಚೀಲದಲ್ಲಿ. ತಿಂದಾದ ಮೇಲೆ ಓದಲು ಏನೂ ಇರಲಿಲ್ಲ. ನಾನು ಶಾಲೆ ಕಂಡದ್ದು ಮೂರು ವರ್ಷ. ಮಿಕ್ಕದ್ದನ್ನೆಲ್ಲ ಕಲಿಸಿದ್ದು ಮಿರ್ಚಿ ಕಟ್ಟಿಕೊಡುತ್ತಿದ್ದ, ಎಣ್ಣೆ ಹತ್ತಿದ ಹಳೇ ಪೇಪರು. ಹಾಗಾಗಿ ನೋಡಿ, ನನಗೆ ಪರಿಚಯವಾಗುವಷ್ಟರಲ್ಲಿ ಎಷ್ಟೋ ಸರಕಾರಗಳು ಬಿದ್ದುಹೋಗಿರುತ್ತಿದ್ದವು.

ಬಸಣ್ಣನ ವಾರಪತ್ರಿಕೆ ಮಾತ್ರ ಬಿಸಿಯಾಗಿಯೇ ಬರುತ್ತಿತ್ತು. ಬರೆಯುವವನೂ ಹಂಚುವವನೂ ಅವನೇ. ನಾಲ್ಕು ಪುಟ. ಮೂರರಲ್ಲಿ ಮುಖಂಡರ ಹುಟ್ಟುಹಬ್ಬದ ಜಾಹೀರಾತು, ಒಂದರಲ್ಲಿ ಅದೇ ಮುಖಂಡರ ಕೆಲಸದ ಸುದ್ದಿ.

ನಮ್ಮ ಹಳ್ಳಿಯ ಬೋರಿನ ನೀರಿನಲ್ಲಿ ಫ್ಲೋರೈಡ್. ಮೊಮ್ಮಗಳ ಹೊಸ ಹಲ್ಲು ಕಂದುಪಟ್ಟಿ ಹೊತ್ತೇ ಮೂಡಿದವು. ಇವತ್ತಿಗೂ ಕೈ ಅಡ್ಡ ಹಿಡಿದೇ ನಗುತ್ತಾಳೆ. ಶುದ್ಧ ನೀರಿನ ಘಟಕವೇನೋ ಬಂತು. ರಿಬ್ಬನ್ ಕತ್ತರಿಸಿ ಫೋಟೊ ತೆಗೆದು ಬೀಗ ಹಾಕಿದರು. ಬಸಣ್ಣ ಬರೆದ: ‘ನೀರು ಕುಡಿಯಲು ಅಯೋಗ್ಯ.’

ಪಂಚಾಯಿತಿ ಸದಸ್ಯ ಅವನನ್ನು ನಮ್ಮ ಮನೆ ಎದುರಿನ ಕಟ್ಟೆಗೆ ಕರೆಸಿದ.

“ನನ್ನ ಅಯೋಗ್ಯ ಅಂತ ಬರ್ದೀಯಂತಲ್ಲಲೇ?”

“ನೀರಿಗೆ ಬರ್ದೀನ್ರಿ.”

“ನೀರು ಬಿಟ್ಟಾವ ಯಾರು? ನಾನ. ಮುಂದಿನ ವಾರ ‘ಅ’ ತೆಗಿ. ಇಲ್ಲಾಂದ್ರ ಒಬ್ರದೂ ಜಾಹೀರಾತು ಬರಂಗಿಲ್ಲ.”

ಬಸಣ್ಣ ತೆಗೆಯುತ್ತೇನೆ ಎಂದ. ನಾನು ಒಳಗಿಂದಲೇ ಕೇಳಿದೆ: “ನೀ ‘ಅ’ ತೆಗದ್ರ ನಮ್ಮ ಹುಡುಗಿ ಹಲ್ಲು ಬೆಳ್ಳಗ ಆಗ್ತಾವೇನೋ ಬಸಣ್ಣ?” ಅವನು ಸೈಕಲ್ ಹತ್ತಿ ಹೋದ. ಮಾರಿಕೊಂಡ ಎಂದು ವಾರವಿಡೀ ಬೈದೆ.

ಮುಂದಿನ ವಾರ ಮೊದಲ ಪುಟದಲ್ಲೇ ಬಂತು: ‘ತಿದ್ದುಪಡಿ. ಸದಸ್ಯರ ಅಪೇಕ್ಷೆಯಂತೆ ಹಿಂದಿನ ಸುದ್ದಿಯಿಂದ ‘ಅ’ ತೆಗೆದಿದ್ದೇವೆ. ನೀರಿನಿಂದ ಏನನ್ನೂ ತೆಗೆದಿಲ್ಲ.’

ಕೂಡ್ಲಿಗಿಯವರೆಗೂ ಜನ ನಕ್ಕರು. ಸದಸ್ಯನಿಗೆ ‘ಅ ತೆಗೆಸಿದವರು’ ಎಂದೇ ಹೆಸರಾಯಿತು. ನಾಲ್ಕೇ ದಿನದಲ್ಲಿ ಘಟಕದ ಬೀಗ ತೆರೆಯಿತು. ಆದರೆ ಹುಟ್ಟುಹಬ್ಬಗಳೆಲ್ಲ ಫ್ಲೆಕ್ಸಿಗೆ ಹೋದವು, ಪತ್ರಿಕೆ ವರ್ಷದೊಳಗೆ ನಿಂತಿತು. ಬಸಣ್ಣ ಹರಪನಹಳ್ಳಿಯ ಮಗಳ ಮನೆ ಸೇರಿದ. ಬೈದದ್ದು ತಪ್ಪಾಯಿತು ಎಂದು ನಾನು ಅವನಿಗೆ ಹೇಳಲೇ ಇಲ್ಲ. ತಿದ್ದುಪಡಿ ಹಾಕಲು ನನ್ನದೇನು ಪತ್ರಿಕೆಯೇ?

ಈಗ ಘಟಕ ಕೆಟ್ಟು ಎಂಟು ದಿನ. ಊರಿನ ವಾಟ್ಸಾಪ್ ಗುಂಪಿಗೆ ಹಾಕು ಎಂದು ಮೊಮ್ಮಗಳಿಗೆ ಹೇಳಿದೆ.

“ಅದ್ರಾಗ ಪಂಚಾಯ್ತಿ ಸದಸ್ಯರೊಬ್ರಿಗೇ ಬರಿಯಾಕ ಬರ್ತೈತಜ್ಜಿ. ನಾವು ಬರೇ ಓದಾದು.”

ಹಾಳೆ ತರಿಸಿ, ಎಷ್ಟು ದಿನದಿಂದ ನೀರಿಲ್ಲ, ಯಾರನ್ನು ಕೇಳಬೇಕು ಎಂದು ಬರೆದು ಘಟಕದ ಬಾಗಿಲಿಗೆ ಅಂಟಿಸಿದೆ. ಕೆಳಗೆ ನಿನ್ನ ಹೆಸರು ಹಾಕಬೇಡ ಎಂದಳು ಹುಡುಗಿ. ಹಾಕಿದೆ.