ಭೀಮೆಗೂ ಪರೀಕ್ಷೆ

ನದಿ, ಹಳ್ಳ, ಕೆರೆಗಳ ನೀರನ್ನು ಬಾಟಲಿಗೆ ತುಂಬಿ ಪರೀಕ್ಷೆಗೆ ಒಯ್ಯುವುದು ನನ್ನ ಕೆಲಸ. ಒಮ್ಮೆ ಭೀಮಾ ನದಿಯ ನೀರು ಹಿಡಿದುಕೊಂಡು ಯಾದಗಿರಿ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಬಾಟಲಿಯನ್ನೇ ನೋಡುತ್ತಿದ್ದಳು.

"ಯಾ ನೀರ್ರಿ ತಮ್ಮಾ ಅದು?"

"ಭೀಮಾ ಹೊಳೀದು ಯವ್ವಾ."

ಆಕೆ ಕೈಮುಗಿದಳು. "ನಾಳಿ ಮೊಮ್ಮಗಳ ತೊಟ್ಟಿಲ ಕಾರ್ಯ ಅದ. ಒಂದೀಟು ಕೊಡ್ರಿ."

"ಕೊಡಾಕ ಬರಂಗಿಲ್ಲ ಯವ್ವಾ. ನೀರು ಚಲೋ ಅದನೋ ಇಲ್ಲೋ ಅಂತ ಪರೀಕ್ಷಾ ಮಾಡಬೇಕು."

"ಹೊಳೀಗೇ ಪರೀಕ್ಷಾ ಇಟ್ಟೀರೇನು? ಫೇಲಾದ್ರ ಏನ್ ಮಾಡ್ತೀರಿ, ಊರು ಬಿಡಸ್ತೀರೇನು?"

ಬಸ್ಸೆಲ್ಲ ನಕ್ಕಿತು. ಮುಚ್ಚಳ ತೆಗೆದರೆ ಆ ನೀರು ಪರೀಕ್ಷೆಗೆ ನಡೆಯುವುದಿಲ್ಲ. ಆದರೆ ಆಕೆ ಆಗಲೇ ಸ್ಟೀಲಿನ ಡಬ್ಬಿ ಮುಂದೆ ಹಿಡಿದಿದ್ದಳು. ನಾನು ಮುಚ್ಚಳ ತಿರುವಿದೆ.

"ಕೂಸಿಗೆ ಕುಡಸಬ್ಯಾಡ್ರಿ ಮತ್ತ," ಎನ್ನುತ್ತ ಸುರಿದೆ.

"ಇಲ್ಲಪ್ಪಾ, ತೊಟ್ಟಿಲಕ್ಕ ಚಿಮುಕಸ್ತೀನಿ ಅಷ್ಟ," ಎಂದವಳು ಮೊದಲು ನನ್ನ ತಲೆಗೇ ಚಿಮುಕಿಸಿದಳು. ಕಂಡಕ್ಟರೂ ಬಂದು ತಲೆ ಬಗ್ಗಿಸಿ ನಿಂತ.

ಮರುದಿನ ಮತ್ತೆ ನದಿಗೆ ಹೋಗಿ ಬಾಟಲಿ ತುಂಬಿಕೊಂಡು ಬಸ್ಸು ಹತ್ತಿದೆ. ಈ ಸಲ ಪಕ್ಕದವರು ಕೇಳಿದಾಗ, ಹತ್ತಿ ಹೊಲಕ್ಕೆ ಹೊಡೆಯುವ ಔಷಧ ಎಂದುಬಿಟ್ಟೆ. ಯಾದಗಿರಿ ಮುಟ್ಟುವವರೆಗೂ ಇಡೀ ಸೀಟು ನನ್ನದೇ ಆಯಿತು.